ಎರಡು ಅಂಕದ ಪ್ರಶ್ನೆಗೆ ತಡವಾದ ಉತ್ತರ

೨೦೨೫ನೆಯ ಇಸವಿಯ ಸೆಪ್ಟೆಂಬರ್ ೭, ಭಾನುವಾರ. ಅಂದು ಚಂದ್ರಗ್ರಹಣ. ಗ್ರಹಣ ಹಿಡಿಯುವುದಕ್ಕೆ ಮೊದಲೇ ಊಟ ಮುಗಿಸಿ, ಮಹಡಿ ಹತ್ತಿ ಆಕಾಶ ನೋಡೋಣವೆಂದು ಹೊರಟಿದ್ದಾಗ ಫೋನು ಬಂತು. ಮದ್ದೂರಿನ ಹುಡುಗ, ಹುಡುಗನೇನು, ಈಗ ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ಎರಡು ಮಕ್ಕಳ ತಂದೆ. “ಸಾರ್, ಊರಲ್ಲಿ ಗಲಾಟೆಯಂತೆ. ಗಣಪತಿ ಮೆರವಣಿಗೆ ಮೇಲೆ ಕಲ್ಲು ಬಿದ್ದವಂತೆ. ಅಪ್ಪ ಅಮ್ಮ ಇಬ್ಬರೇ ಇದ್ದಾರೆ” ಎಂದ. ಅವರು ಕ್ಷೇಮವಾಗಿದ್ದಾರೆಂದು ವಿಚಾರಿಸಿ ತಿಳಿಸುವಷ್ಟರಲ್ಲಿ ಗ್ರಹಣ ಹಿಡಿದಿತ್ತು. ನೋಡುವ ಮನಸ್ಸು ಉಳಿದಿರಲಿಲ್ಲ.

ಮರುದಿನ ಇನ್ನೊಬ್ಬ ಶಿಷ್ಯ ಮಾತನಾಡಿದ. ಇವನು ಮಳವಳ್ಳಿ ಕಡೆಯವನು, ರೇಷ್ಮೆನೂಲು ಬಿಚ್ಚಾಣಿಕೆಯ ಕಸುಬಿನವನು, ಸಾಬರ ಮನೆಯ ಮಗ. “ಮೇಷ್ಟ್ರೇ, ನಾಳೆ ಗೂಡು ತರೋಕೆ ಮದ್ದೂರು ಮೇಲೆ ಹೋಗಬಹುದಾ? ಬೇಡ ಅಂತಾಳೆ ಮನೆಯಾಕೆ” ಎಂದು ಕೇಳಿದ. ಎರಡು ದಿನ ತಡೆ ಎಂದೆ. ಫೋನಿಡುವ ಮೊದಲು ಅವನು ಕೇಳಿದ ಮಾತನ್ನೇ ಹಿಂದಿನ ರಾತ್ರಿ ಮದ್ದೂರಿನ ಹುಡುಗನೂ ಕೇಳಿದ್ದ: “ನೀವು ಚರಿತ್ರೆ ಪಾಠ ಮಾಡಿದವರು. ಹೇಳಿ, ಮೊದಲೂ ಹೀಗೇ ಇತ್ತಾ?”

ಒಬ್ಬರಿಗೊಬ್ಬರ ಪರಿಚಯವಿಲ್ಲದ ಇಬ್ಬರು, ಒಂದೇ ಭಯದ ಎರಡು ಕಡೆ ನಿಂತು ಒಂದೇ ಪ್ರಶ್ನೆ ಕೇಳಿದಾಗ ಮೇಷ್ಟರಾದವನು ಉತ್ತರ ಕೊಡಲೇಬೇಕು. ಹಿಂದಿನ ವರ್ಷ, ೨೦೨೪ರ ಸೆಪ್ಟೆಂಬರ್ ೧೧ರಂದು, ನಾಗಮಂಗಲದಲ್ಲಿ ಇದೇ ವಿಸರ್ಜನೆಯ ಮೆರವಣಿಗೆಯ ಕಾಲಕ್ಕೆ ಗಲಭೆಯಾಗಿ ಅಂಗಡಿಗಳು ಸುಟ್ಟುಹೋಗಿದ್ದವು. ಆಗಲೂ ಕೆಲವರು ಕೇಳಿದ್ದರು. “ಕಾಲ ಕೆಟ್ಟಿತು” ಎಂಬ ಹಾರಿಕೆಯ ಮಾತಾಡಿ ತಪ್ಪಿಸಿಕೊಂಡಿದ್ದೆ. ಈ ಸಲ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಮದ್ದೂರಿನಲ್ಲಿ ಕಲ್ಲು ಬಿದ್ದ ಬಡಾವಣೆಯ ಹೆಸರು ರಾಮ್ ರಹೀಂ ನಗರ. ಆ ಹೆಸರಿಟ್ಟವರಿಗೆ ಒಂದು ಆಸೆಯಿದ್ದಿರಬೇಕಲ್ಲವೆ?

ಉತ್ತರ ಕೊಡುವುದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಸೇವೆಯೆಲ್ಲ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳ ಸುತ್ತಮುತ್ತಲೇ ಕಳೆಯಿತು. ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ವಿಜಯನಗರದ ಪಾಠ ಬಂದಾಗಲೆಲ್ಲ ಎರಡು ಅಂಕದ ಒಂದು ಪ್ರಶ್ನೆ ಇರುತ್ತಿತ್ತು. ಉತ್ತರವನ್ನು ನಾನೇ ಕಪ್ಪು ಹಲಗೆಯ ಮೇಲೆ ಬರೆಸುತ್ತಿದ್ದೆ: ಒಂದನೆಯ ಬುಕ್ಕನು ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ರಾಜಿ ಮಾಡಿಸಿದನು, ಇದು ವಿಜಯನಗರದ ಅರಸರ ಧಾರ್ಮಿಕ ಸಹಿಷ್ಣುತೆಯನ್ನು ತೋರಿಸುತ್ತದೆ. ಎರಡು ವಾಕ್ಯ, ಎರಡು ಅಂಕ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಊರಿನ ಮೆರವಣಿಗೆಗಳಿಗೆಲ್ಲ ತಮಟೆ ಬಡಿಯುವವರು. “ಸಾ, ಜಗ್ಳ ಯಾತುಕ್ಕೆ ಬಂತು ಸಾ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ದೊಡ್ಡತನವೂ ಇರಲಿಲ್ಲ. “ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತ್ಕೋ” ಎಂದೆ. ಅವನು ಕೂತ. ಪಾಠ ಮುಂದೆ ಹೋಯಿತು.

ನಿವೃತ್ತಿಯಾದ ಮೇಲೆ ಬಿಡುವು ಸಿಕ್ಕಿತು. ಲೂಯಿ ರೈಸ್ ಸಾಹೇಬರು ೧೮೮೯ರಲ್ಲಿ ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಗ್ರಂಥಾಲಯದಲ್ಲಿ ಕುಳಿತು ಓದಿದೆ. ಆಮೇಲೆ ಒಂದು ದಿನ ಬಸ್ಸು ಹತ್ತಿ ಬೆಳಗೊಳಕ್ಕೇ ಹೋದೆ. ಬಂದವರೆಲ್ಲ ಗೊಮ್ಮಟನ ಬೆಟ್ಟ ಹತ್ತುತ್ತಾರೆ. ನಾನು ಊರೊಳಗಿನ ಭಂಡಾರಿ ಬಸದಿಗೆ ಹೋದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳನು ೧೧೫೯ರಲ್ಲಿ ಕಟ್ಟಿಸಿದ, ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಅದು. ನಾನು ವರ್ಷಗಟ್ಟಲೆ ಎರಡು ವಾಕ್ಯದಲ್ಲಿ ಮುಗಿಸಿದ್ದ ಕಲ್ಲು ಅಲ್ಲಿದೆ.

ಶಕವರ್ಷ ೧೨೯೦, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಕ್ರಿಸ್ತಶಕ ೧೩೬೮. ಭಾದ್ರಪದವೆಂದರೆ ನಮ್ಮ ಗಣಪತಿಯ ತಿಂಗಳು. ನಾಗಮಂಗಲದ ಗಲಭೆಯೂ ಮದ್ದೂರಿನ ಗಲಭೆಯೂ ಇದೇ ಭಾದ್ರಪದದಲ್ಲಿ ನಡೆದವು. ಇದು ಕಾಕತಾಳೀಯವೇ ಹೊರತು ಬೇರೇನಲ್ಲ. ಆದರೂ ಓದುತ್ತ ನಿಂತವನಿಗೆ ಮೈ ಜುಮ್ಮೆಂದಿತು.

ನಡೆದದ್ದು ಇಷ್ಟು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಪಟ್ಟಣ ಮೊದಲಾದ ಸಮಸ್ತ ನಾಡುಗಳ ಜೈನರು ಬುಕ್ಕರಾಯನಲ್ಲಿಗೆ ಬಂದು, ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಬಿನ್ನಹ ಮಾಡಿಕೊಂಡರು. ‘ಭಕ್ತರು’ ಎಂದರೆ ಶ್ರೀವೈಷ್ಣವರು. ಅರಸನು ಇನ್ನೊಂದು ಕಡೆಯವರನ್ನೂ ಕರೆಸಿದ. ಹದಿನೆಂಟು ನಾಡಿನ ಶ್ರೀವೈಷ್ಣವರು ಬಂದರು. ಕೋಯಿಲ್ ಅಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋಯಿಲ್ ಅಂದರೆ ಕಂಚಿ. ಈ ಮೂರು ಮಹಾಕ್ಷೇತ್ರಗಳ ಆಚಾರ್ಯರ ಜೊತೆಗೆ ನಾಲ್ಕನೆಯದಾಗಿ ಹೆಸರಿಸಿರುವುದು ತಿರುನಾರಾಯಣಪುರದ ಆಚಾರ್ಯರನ್ನು. ತಿರುನಾರಾಯಣಪುರವೆಂದರೆ ನಮ್ಮ ಮೇಲುಕೋಟೆ! ಇಷ್ಟು ವರ್ಷ ಹಂಪೆಯಲ್ಲೆಲ್ಲೋ ನಡೆದ ಸಂಗತಿಯೆಂದು ನಾನು ಪಾಠ ಮಾಡಿದ ಒಪ್ಪಂದಕ್ಕೆ ನಮ್ಮ ಜಿಲ್ಲೆಯವರೇ ಕೈ ಕೊಟ್ಟಿದ್ದರು.

ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ದೇವಾಲಯದ ಸೇವೆಗಳವರು, ನಾಲ್ವತ್ತೆಂಟು ಜನ, ಸಾವಂತ ಬೋವರು ಎಂದು ಸಾಗಿ ಕೊನೆಗೆ ತಿರುಕುಲ, ಜಾಂಬವಕುಲ ಎಂಬ ಎರಡು ಹೆಸರು ಬರುತ್ತವೆ. ಊರ ಹೊರಗೆ ಇಟ್ಟಿದ್ದ ಜನಕ್ಕೆ ಶ್ರೀವೈಷ್ಣವ ಪರಂಪರೆ ಕೊಟ್ಟ ಹೆಸರುಗಳಿವು. ಮೇಲುಕೋಟೆಯ ದೇವಾಲಯದಲ್ಲಿ ತಿರುಕುಲದವರಿಗೆ ವರ್ಷದಲ್ಲಿ ಕೆಲವು ದಿನ ಪ್ರವೇಶದ ಹಕ್ಕಿತ್ತೆಂಬುದು ನಿಮಗೆ ತಿಳಿದಿದೆ. ಪಟ್ಟಿಯಲ್ಲಿ ಅವರಿಗೆ ಕೊನೆಯ ಸ್ಥಾನ. ಆದರೂ ಅವರನ್ನು ಬಿಟ್ಟು ಒಪ್ಪಂದ ಆಗುವಂತಿರಲಿಲ್ಲ.

ಇನ್ನು ಜೈನರು ನಮ್ಮ ಸೀಮೆಗೆ ಹೊರಗಿನವರೇನೂ ಅಲ್ಲ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಗುಡ್ಡದ ಮೇಲೆ ಗೊಮ್ಮಟನಿದ್ದಾನೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯಿದೆ. ಕೃಷ್ಣರಾಜಪೇಟೆಯ ಕಡೆ ಬಸ್ತಿ ಹೊಸಕೋಟೆಯಲ್ಲಿಯೂ ಗೊಮ್ಮಟನಿದ್ದಾನೆ. ಆರೆತಿಪ್ಪೂರಿಗೆ ಹಿಂದೊಮ್ಮೆ ಮಕ್ಕಳನ್ನು ಹೊರಸಂಚಾರಕ್ಕೆ ಕರೆದೊಯ್ದಿದ್ದೆ. ಬುತ್ತಿ ಬಿಚ್ಚಿ ಉಂಡು, ಹಾಡು ಹಾಡಿ ಹಿಂದಿರುಗಿದೆವು. ಇಷ್ಟು ದೊಡ್ಡ ಮೂರ್ತಿಯನ್ನು ಕಡೆಯಿಸಿದ ಜನ ಈಗೆಲ್ಲಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಜಗಳ ಯಾತಕ್ಕೆ ಬಂತು?

ಅರಸನ ತೀರ್ಮಾನವನ್ನು ಓದಿದರೆ ಜಗಳದ ಸ್ವರೂಪ ತಿಳಿಯುತ್ತದೆ. ಆತ್ಮದ ವಿಚಾರವಾಗಲಿ ಮೋಕ್ಷದ ವಿಚಾರವಾಗಲಿ ಅಲ್ಲಿಲ್ಲ. ಅರಸನು ಹೆಸರಿಟ್ಟು ಹೇಳುವುದು ಎರಡು ವಸ್ತುಗಳನ್ನು: ಪಂಚಮಹಾವಾದ್ಯ ಮತ್ತು ಕಲಶ. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಇವು ಸಲ್ಲತಕ್ಕವು ಎಂದು ತೀರ್ಪು. ಅಂದರೆ ಜಗಳ ಬಂದದ್ದು ಮೆರವಣಿಗೆಗೆ, ವಾದ್ಯಕ್ಕೆ, ಬೀದಿಯ ಮರ್ಯಾದೆಗೆ! ಪಂಚಮಹಾವಾದ್ಯಗಳೆಂದರೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ತಮ್ಮಟವೆಂದರೆ ತಮಟೆ. ನಮ್ಮ ತರಗತಿಯಲ್ಲಿ ಈ ಜಗಳವನ್ನು ಅನುಭವದಿಂದಲೇ ಅರಿತಿದ್ದವನು ಒಬ್ಬನಿದ್ದರೆ ಅದು ಆ ತಮಟೆಯವರ ಮಗ. ಅಪ್ಪನ ತಮಟೆ ಯಾವ ಬೀದಿಯಲ್ಲಿ ಜೋರಾಗಿ ನುಡಿಯಬೇಕು, ಯಾವ ಬೀದಿಯ ಬಾಯಲ್ಲಿ ನಿಲ್ಲಬೇಕು, ದೇವಸ್ಥಾನದ ಮುಂದೆ ಎಷ್ಟು ದೂರದಲ್ಲಿರಬೇಕು ಎಂಬುದನ್ನು ಅವನು ಎಳವೆಯಿಂದ ನೋಡಿ ಬಲ್ಲ. ಅವನನ್ನೇ ನಾನು ಕೂರಿಸಿದ್ದೆ.

ಬುಕ್ಕರಾಯ ಏನು ಮಾಡಿದ? ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಇದು ನನ್ನ ಅಲಂಕಾರವಲ್ಲ, ಶಾಸನದಲ್ಲೇ ಇರುವ ಸಂಗತಿ. ಮದುವೆಯಲ್ಲಿ ಧಾರೆಯೆರೆಯುವಾಗ ಕೈ ಹಿಡಿಸುತ್ತೇವಲ್ಲ, ಹಾಗೆ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದ. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಭಾವಿಸತಕ್ಕದ್ದೆಂದು ಕಟ್ಟುಮಾಡಿದ. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಮಾತನ್ನು ಕಲ್ಲಿನಲ್ಲಿ ಬರೆಸಿ ನಿಲ್ಲಿಸಬೇಕಾದವರು ಜೈನರಲ್ಲ, ಶ್ರೀವೈಷ್ಣವರು. ಕಡಿಮೆ ಜನವಿರುವವರ ರಕ್ಷಣೆಯ ಹೊಣೆಯನ್ನು ಹೆಚ್ಚು ಜನವಿರುವವರ ತಲೆಯ ಮೇಲೆ ಹೊರಿಸಿದ್ದು ಈ ತೀರ್ಪಿನ ತಿರುಳು.

ಒಳ್ಳೆಯ ಮಾತಾಡಿ ಕಳಿಸಿಬಿಡಲಿಲ್ಲ ಅರಸ, ಲೆಕ್ಕವನ್ನೂ ಬರೆಸಿದ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡುವುದು. ಆ ಹಣದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನ ಆಳುಗಳನ್ನು ನೇಮಿಸುವುದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಇದನ್ನು ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ. ಜಿನದೇವರಿಗೆ ಕಾವಲು ನೇಮಿಸುವವರು ತಿರುಪತಿಯ ವೈಷ್ಣವ ಹಿರಿಯರು! ಮುಂದೆ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬುವನು ತಾತಯ್ಯನವರನ್ನು ಬರಮಾಡಿಕೊಂಡು ಈ ಶಾಸನದ ಜೀರ್ಣೋದ್ಧಾರ ಮಾಡಿಸಿದಾಗ, ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಕಲ್ಲೇಹವೆಂದರೆ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲಿಯೂ ಇದೇ ಒಪ್ಪಂದದ ಶಾಸನವಿದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಶಾಸನದ ಮೊದಲ ಶ್ಲೋಕ. ಬಸದಿಯೊಳಗಿರುವ, ಜೈನರ ಹಕ್ಕನ್ನು ಕಾಯುವ ಈ ಕಲ್ಲು ಜಿನಸ್ತುತಿಯಿಂದ ಆರಂಭವಾಗುವುದಿಲ್ಲ. ರಾಮಾನುಜರ ಸ್ತುತಿಯಿಂದ ಆರಂಭವಾಗುತ್ತದೆ. ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿಯಂಥವರು ಎಂದು ಅವರನ್ನು ಹೊಗಳುತ್ತದೆ. ಅಂದಿನ ವೈಷ್ಣವರ ಮಾತಿನಲ್ಲಿ ಆ ಪಾಷಂಡರಲ್ಲಿ ಜೈನರೂ ಸೇರಿದ್ದರು! ಇದೇನು ವಿಪರೀತವೆಂದು ನನಗೆ ಮೊದಲು ಕಸಿವಿಸಿಯಾಯಿತು. ಮತ್ತೆ ಮತ್ತೆ ಓದಿದ ಮೇಲೆ ಬೇರೆಯಾಗಿ ಕಾಣತೊಡಗಿತು. ಶ್ರೀವೈಷ್ಣವರಿಗೆ ತಮ್ಮ ಸಿದ್ಧಾಂತವನ್ನು ಬಿಡಿರೆಂದು ಅರಸನು ಹೇಳಲಿಲ್ಲ. ಜೈನರಿಗೆ ವಿಷ್ಣುವನ್ನು ಒಪ್ಪಿರೆಂದೂ ಹೇಳಲಿಲ್ಲ. ನಿಮ್ಮ ಶ್ಲೋಕ ನಿಮಗಿರಲಿ. ಆದರೆ ಅದರ ಕೆಳಗೆ, ಅದೇ ಕಲ್ಲಿನಲ್ಲಿ, ಅವರ ವಾದ್ಯ ನುಡಿಯತಕ್ಕದ್ದೆಂದು ಬರೆಯಿರಿ ಎಂದಂತಾಯಿತು. ಮನೆಯೊಳಗೆ ಅವರವರ ನಂಬಿಕೆ, ಬೀದಿಯಲ್ಲಿ ಎಲ್ಲರ ಹಕ್ಕು. ಸರ್ವಧರ್ಮ ಸಮ್ಮೇಳನಗಳಲ್ಲಿ ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ಸಾರ ಒಂದೇ ಅಲ್ಲವೆಂದು ನಂಬುವವರೂ ಒಂದೇ ಬೀದಿಯಲ್ಲಿ ಬಾಳಬೇಕಲ್ಲ, ಅವರಿಗೇನು ದಾರಿ? ಭಂಡಾರಿ ಬಸದಿಯ ಕಲ್ಲು ಹೇಳುವುದು ಆ ದಾರಿಯನ್ನು.

ಹಾಗೆಂದು ಆ ಕಾಲವನ್ನು ರಾಮರಾಜ್ಯವೆಂದು ಹೊಗಳಿದರೆ ನಾನು ಮತ್ತೆ ಎರಡು ಅಂಕದ ಉತ್ತರ ಬರೆಸಿದಂತಾಗುತ್ತದೆ. ಕಾವಲಿಗೆ ಹಣ ತೆತ್ತವರು ಯಾರೆಂದು ನೋಡಿರಿ: ಅನ್ಯಾಯಕ್ಕೆ ಒಳಗಾದವರೇ. ತೀರ್ಪು ದೊರೆತದ್ದು ಅರಸನ ಕೃಪೆಯಿಂದ. ಇನ್ನೊಬ್ಬ ಅರಸನಿಗೆ ಇನ್ನೊಂದು ಮನಸ್ಸು. ೧೬೩೮ರ ಹಳೇಬೀಡಿನ ಶಾಸನ ಇದಕ್ಕೆ ನಿದರ್ಶನ. ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಹುಚ್ಚಪ್ಪದೇವ ಎಂಬುವನು ಲಿಂಗಮುದ್ರೆ ಹಾಕಿದ, ವಿಜಯಪ್ಪ ಎಂಬುವನು ಅದನ್ನು ಅಳಿಸಿದ, ವಿವಾದ ಬೆಳೆಯಿತು. ವೀರಶೈವ ಹಿರಿಯರೂ ಜೈನ ಹಿರಿಯರೂ ಕೂತು ಮಾತಾಡಿದರು. ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಂತೆ ನಡೆಸಿಕೊಳ್ಳುವುದೆಂದು ತೀರ್ಮಾನವಾಯಿತು. ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ ಎಂದೂ ಬರೆಸಿದರು. ಒಳ್ಳೆಯದೇ. ಆದರೆ ತಮ್ಮ ಬಸದಿಯಲ್ಲಿ ತಮ್ಮ ದೇವರನ್ನು ಪೂಜಿಸಲು ಮೊದಲು ಬೇರೊಂದು ಮತದ ಮರ್ಯಾದೆ ಸಲ್ಲಿಸಬೇಕಾಯಿತು. ಬಲವುಳ್ಳವರ ಜೊತೆಗಿನ ರಾಜಿಯಲ್ಲಿ ಬಲವಿಲ್ಲದವರು ಏನನ್ನಾದರೂ ತೆರಲೇಬೇಕಾಗಿತ್ತು.

ನಿಮ್ಮಲ್ಲಿ ಕೆಲವರು, ಮಂಡ್ಯದ ಮೇಷ್ಟರು ಧರ್ಮದ ಮಾತಾಡುವಾಗ ಶ್ರೀರಂಗಪಟ್ಟಣವನ್ನೇ ಬಿಟ್ಟರಲ್ಲ ಎಂದು ಕೇಳಬಹುದು. ಬೇಕೆಂದೇ ಬಿಟ್ಟೆ. ಟಿಪ್ಪುವಿನ ಹೆಸರೆತ್ತಿದೊಡನೆ ಒಬ್ಬರು ೧೭೯೧ರ ಶೃಂಗೇರಿಯ ಪತ್ರಗಳನ್ನು ತೋರಿಸುತ್ತಾರೆ. ಇನ್ನೊಬ್ಬರು ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿಯ ಹಬ್ಬವಿಲ್ಲದಿರುವುದನ್ನು ನೆನಪಿಸುತ್ತಾರೆ. ಇಬ್ಬರೂ ತಮ್ಮ ಅರ್ಧವನ್ನು ಹಿಡಿದುಕೊಂಡೇ ಮನೆಗೆ ಹೋಗುತ್ತಾರೆ. ಬುಕ್ಕನ ಕಲ್ಲಿನ ಮುಂದೆ ನಿಂತರೆ ಆ ತೊಂದರೆಯಿಲ್ಲ. ನಾವು ಜೈನರೂ ಅಲ್ಲ, ನಮ್ಮಲ್ಲಿ ಬಹುಪಾಲು ಜನ ಶ್ರೀವೈಷ್ಣವರೂ ಅಲ್ಲ. ನಮ್ಮದಲ್ಲದ ಜಗಳವನ್ನು ನೋಡಿ ಕಲಿಯುವುದು ಸುಲಭ.

ಅರಸರು ಮಾಡಿಸಿದ ರಾಜಿ ಒಂದು ಬಗೆಯಾದರೆ ಜನ ತಾವೇ ಮಾಡಿಕೊಂಡದ್ದು ಇನ್ನೊಂದು ಬಗೆ. ಮಳವಳ್ಳಿಯಲ್ಲಿದ್ದ ವರ್ಷಗಳಲ್ಲಿ ಅದನ್ನು ಕಣ್ಣಾರೆ ಕಂಡೆ. ಶಿವನಸಮುದ್ರದಲ್ಲಿ ರಂಗನಾಥನೂ ಸೋಮೇಶ್ವರನೂ ಇದ್ದಾರೆ. ಗಗನಚುಕ್ಕಿ ಧುಮುಕುವಲ್ಲಿ ಮರ್ದಾನೆ ಗೈಬ್ ಅವರ ದರ್ಗಾ ಇದೆ. ಒಂದೇ ಬಸ್ಸಿನಲ್ಲಿ ಬಂದವರು ಮೂರು ಕಡೆಗೂ ಹೋಗಿ ಬರುತ್ತಿದ್ದರು. ಬಾಬಯ್ಯನ ಹಬ್ಬ ಬಂದರೆ ಕೊಂಡಕ್ಕೆ ಸೌದೆ ಹಾಕುವವರಲ್ಲಿ, ಹುಲಿವೇಷದ ಹರಕೆ ಹೊತ್ತವರಲ್ಲಿ ಗೌಡರ ಮಕ್ಕಳಿರುತ್ತಿದ್ದರು. ಎತ್ತಿಗೆ ಲಾಳ ಕಟ್ಟಲು ಸಾಬರೇ ಬರಬೇಕು. ರೈತ ಬೆಳೆದ ಗೂಡನ್ನು ಕೊಳ್ಳುವವರಲ್ಲಿ ಬಹಳಷ್ಟು ಮಂದಿ ಮುಸಲ್ಮಾನ ಕಸುಬಿನವರು. ಮಳವಳ್ಳಿ ತಾಲ್ಲೂಕಿನದೇ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ಆ ಪರಂಪರೆಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ, ಹೊಳೆಯಾಚೆ, ಐದು ದಿನಗಳಲ್ಲೊಂದು ದಿನ ಪಂಕ್ತಿಸೇವೆ ನಡೆಯುತ್ತದೆ. ಯಾವ ಜಾತಿ, ಯಾವ ಮತ ಎನ್ನದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಸೇವೆ ಅದು. ಇದನ್ನು ಯಾವ ಅರಸನೂ ಕಲ್ಲಿನಲ್ಲಿ ಬರೆಸಿದಂತೆ ಕಾಣೆ.

ಆದರೆ ಬರೆಯದಿದ್ದ ಒಪ್ಪಂದಕ್ಕೆ ಒಂದು ದೌರ್ಬಲ್ಯವಿದೆ. ಒಬ್ಬರನ್ನೊಬ್ಬರು ಹೆಸರಿಡಿದು ಕರೆಯುವಷ್ಟು ಚಿಕ್ಕ ಊರಿನಲ್ಲಿ ಅದು ನಡೆಯುತ್ತದೆ. ಊರು ಪಟ್ಟಣವಾಗಿ, ಲಾಳ ಕಟ್ಟುವವನ ಬದಲು ಟ್ರ್ಯಾಕ್ಟರ್ ಷೆಡ್ಡು ಬಂದು, ಹೊಸ ಬಡಾವಣೆಗಳಲ್ಲಿ ಪಕ್ಕದ ಮನೆಯವರ ಹೆಸರೇ ತಿಳಿಯದ ಹಾಗಾದಾಗ ಅದು ಯಾರಿಗೂ ಗೊತ್ತಾಗದಂತೆ ಸವೆದುಹೋಗುತ್ತದೆ. ಆಗ ನೆನಪಿಗಿಂತ ಬರವಣಿಗೆ ಬೇಕಾಗುತ್ತದೆ.

ಪಟ್ಟಣಗಳ ಚರಿತ್ರೆಯೂ ಅದನ್ನೇ ಹೇಳುತ್ತದೆ. ೧೯೨೮ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಶಾಲೆಯೊಂದರ ಆವರಣದ ಗಣಪತಿ ವಿಗ್ರಹದ ಸಂಬಂಧವಾಗಿ ದೊಡ್ಡ ಗಲಭೆಯಾಯಿತು. ವಿಚಾರಣೆಗೆ ನೇಮಕವಾದ ಸಮಿತಿಗೆ ನಮ್ಮ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು. ಮಸೀದಿಯ ಮುಂದೆ ಮೆರವಣಿಗೆ ಹೋಗಬಹುದೆ ಎಂಬ ಪ್ರಶ್ನೆ ಅದಕ್ಕೆ ಮೊದಲೇ, ೧೯೨೪ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿತ್ತು. ದಾವೆ ಹೂಡಿದವರು ಹಿಂದೂಗಳೆಂದು ನೀವು ಊಹಿಸಿದ್ದರೆ ತಪ್ಪು. ಸಂಯುಕ್ತ ಪ್ರಾಂತದ ಔರಂಗಾಬಾದ್ ಎಂಬ ಊರಿನಲ್ಲಿ ಷಿಯಾಗಳ ಮೊಹರಂ ಮೆರವಣಿಗೆ ಸುನ್ನಿಗಳ ಮಸೀದಿಯ ಬಳಿ ನಿಂತು ಶೋಕಾಚರಣೆ ಮಾಡುವುದರ ಬಗ್ಗೆ ಆ ವಿವಾದ. ಸಾರ್ವಜನಿಕ ರಸ್ತೆಯಲ್ಲಿ ತಮ್ಮ ಆಚರಣೆಗಳೊಡನೆ ಧಾರ್ಮಿಕ ಮೆರವಣಿಗೆ ನಡೆಸುವ ಹಕ್ಕು ಉಂಟು. ಆದರೆ ಅದು ಅಧಿಕಾರಿಗಳ ನಿಯಮಗಳಿಗೂ ರಸ್ತೆಯನ್ನು ಬಳಸುವ ಇತರರ ಹಕ್ಕಿಗೂ ಒಳಪಟ್ಟಿರುತ್ತದೆ ಎಂದು ತೀರ್ಪಾಯಿತು.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಇಪ್ಪತ್ತೈದನೆಯ ಅನುಚ್ಛೇದವು ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತಮ್ಮ ಧರ್ಮವನ್ನು ನಂಬಿ ನಡೆಯುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಸಮಾನವಾಗಿ ಕೊಟ್ಟಿತು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವುಗಳಿಗೆ ಒಳಪಟ್ಟು ಎಂಬ ಮಾತನ್ನು ಅದರ ಆರಂಭದಲ್ಲೇ ಇಟ್ಟಿತು. ಬುಕ್ಕನ ಕಲ್ಲಿಗಿಂತ ಇದು ದೊಡ್ಡದು. ಇಲ್ಲಿ ಯಾರೂ ಮನೆಗೊಂದು ಹಣ ತೆರಬೇಕಾಗಿಲ್ಲ, ಯಾವ ಅರಸನ ಕೃಪೆಗೂ ಕಾಯಬೇಕಾಗಿಲ್ಲ. ಧ್ವನಿವರ್ಧಕಕ್ಕೂ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗಿನ ನಿರ್ಬಂಧ ಡಿಜೆಗೂ ಒಂದೇ, ಮೈಕಿನಲ್ಲಿ ಕೂಗುವ ಬಾಂಗಿಗೂ ಒಂದೇ.

ಹಾಗಾದರೆ ಕೊರತೆ ಎಲ್ಲಿದೆ? ಕೈ ಹಿಡಿಸುವ ಕೆಲಸ ಮಾತ್ರ ಸಂವಿಧಾನದ ಪುಸ್ತಕದಿಂದ ಆಗುವುದಿಲ್ಲ. ಅದನ್ನು ಊರಿನವರೇ ಮಾಡಬೇಕು. ನಿವೃತ್ತ ಶಿಕ್ಷಕನೆಂದು ನನ್ನನ್ನೂ ಒಮ್ಮೆ ಒಂದು ಊರಿನ ಶ್ರಾಂತಿಯಿಲ್ಲದ ಹಬ್ಬದ ಕಾಲದಲ್ಲಿ ಶಾಂತಿಸಭೆಗೆ ಕರೆದಿದ್ದರು. ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಎರಡೂ ಕಡೆಯ ಮುಖಂಡರು ಎದ್ದು, ನಾವೆಲ್ಲ ಅಣ್ಣತಮ್ಮಂದಿರಂತೆ ಇದ್ದೇವೆ ಎಂದರು. ಚಹಾ, ಖಾರಾಬೂಂದಿ ಆಯಿತು. ಮೆರವಣಿಗೆ ಎಷ್ಟು ಹೊತ್ತಿಗೆ ಹೊರಡುತ್ತದೆ, ನಮಾಜಿನ ವೇಳೆಗೆ ಎಲ್ಲಿರುತ್ತದೆ, ಮಸೀದಿಯ ಮುಂದೆ ವಾದ್ಯ ನುಡಿಸುವ ಬಗೆ ಏನು, ಹುಡುಗರನ್ನು ಹದ್ದಿನಲ್ಲಿಡುವ ಹೊಣೆ ಆ ಕಡೆ ಯಾರದು, ಈ ಕಡೆ ಯಾರದು ಎಂದು ಯಾರೂ ಕೇಳಲಿಲ್ಲ, ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ವರ್ಷ ದೇವರ ದಯೆಯಿಂದ ಏನೂ ಆಗಲಿಲ್ಲ. ಬುಕ್ಕರಾಯನು ದೇವರ ದಯೆಯನ್ನೇ ನೆಚ್ಚಿಕೊಂಡಿರಲಿಲ್ಲ. ಇಪ್ಪತ್ತು ಆಳುಗಳ ಸಂಬಳದ ಮೂಲವನ್ನೂ ಬರೆಸಿದ್ದ.

ಈಗ ನನ್ನ ಇಬ್ಬರು ಶಿಷ್ಯರಿಗೆ ಉತ್ತರ. ಹೌದಪ್ಪ, ಮೊದಲೂ ಇತ್ತು. ಆರು ನೂರೈವತ್ತು ವರ್ಷಗಳ ಹಿಂದೆಯೂ ಮರ್ಯಾದೆಗಾಗಿ, ವಾದ್ಯಕ್ಕಾಗಿ ಜಗಳವಾಗುತ್ತಿತ್ತು. ಹಿಂದೆ ಎಲ್ಲರೂ ಹಾಲುಜೇನಿನಂತಿದ್ದರು ಎಂಬುದೂ ಸುಳ್ಳು, ಎಂದೆಂದೂ ಹೊಡೆದಾಡುತ್ತಲೇ ಇದ್ದರು ಎಂಬುದೂ ಸುಳ್ಳು. ಜಗಳವಾದಾಗ ಕೂತು ಮಾತಾಡಿ, ಬರೆದು, ಎರಡೂ ಕಡೆಯವರು ಹೊಣೆ ಹೊತ್ತು, ಅದನ್ನು ಎಲ್ಲರೂ ಓದುವ ಕಡೆ ನಿಲ್ಲಿಸಿದ ಉದಾಹರಣೆ ನಮ್ಮ ಸೀಮೆಯವರಿಗೇ ಸೇರಿದ್ದಿದೆ. ನೀವಿಬ್ಬರೂ ನಿಮ್ಮ ನಿಮ್ಮ ಊರಿನಲ್ಲಿ ಹಿರಿಯರೆನಿಸಿಕೊಳ್ಳುವ ವಯಸ್ಸಿಗೆ ಬರುತ್ತಿದ್ದೀರಿ. ಮುಂದಿನ ಶಾಂತಿಸಭೆಗೆ ನಿಮ್ಮನ್ನು ಕರೆದರೆ ಚಹಾ ಬರುವುದಕ್ಕೆ ಮೊದಲು ಕಾಗದ, ಲೇಖನಿ ಕೇಳಿ. ಕರೆಯದಿದ್ದರೆ ನೀವಾಗಿಯೇ ಹೋಗಿ. ನಿಮ್ಮಿಬ್ಬರಿಗೂ ಪರಸ್ಪರ ಪರಿಚಯ ಮಾಡಿಸುವ ಹೊಣೆ ನನಗಿರಲಿ. ಒಂದು ಭಾನುವಾರ ಮಂಡ್ಯಕ್ಕೆ ಬನ್ನಿ, ಮನೆಯಲ್ಲೇ ಊಟ ಮಾಡೋಣ, ಆಮೇಲೆ ಭಂಡಾರಿ ಬಸದಿಗೆ ಹೋಗಿ ಬರೋಣ.

ಕೊನೆಯದಾಗಿ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನಿಗೆ. ನೀನು ಈಗ ಎಲ್ಲಿದ್ದೀಯೋ ನನಗೆ ತಿಳಿಯದು. ನಿನ್ನ ತರಗತಿಯವರು ಯಾರಾದರೂ ಇದನ್ನು ಓದಿ ನಿನಗೆ ಮುಟ್ಟಿಸಿಯಾರೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಜಗಳ ಬಂದದ್ದು ವಾದ್ಯಕ್ಕೆ ಕಣಪ್ಪ. ಆ ವಾದ್ಯಗಳಲ್ಲಿ ನಿಮ್ಮ ಅಪ್ಪನ ತಮಟೆಯೂ ಒಂದು. ಕೈ ಕೊಟ್ಟು ಒಪ್ಪಿದವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲಗಳ ಹೆಸರೂ ಇದೆ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಕೂತ್ಕೋ ಎಂದದ್ದು ನನ್ನ ತಪ್ಪು. ಸಿಕ್ಕಾಗ ಮಾತಾಡಿಸು.